ಅಮ್ಮನ ಹಸೆಗೊಂದು ಕಾರ್ಡು

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ನನ್ನ ಕೆಲಸಕ್ಕಾಗಿ. ಚಾಮರಾಜಪೇಟೆಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿದ್ದ ಪ್ರೆಸ್ಸಿಗೆ ನಾನು ಮನೆಯಲ್ಲೇ ಕೂತು ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದೆ. ಹಾಗಾಗಿ ಅದರೊಳಗೆ ಏನು ಹಾಕಿಸಬೇಕು, ಏನು ಬೇಡ ಎಂಬ ತೀರ್ಮಾನವೆಲ್ಲ ನನ್ನದು. ತಿರುಪು ಬಿಚ್ಚುವುದು, ಧೂಳು ಊದುವುದು ನಮ್ಮ ಯಜಮಾನರದು.

ಹೊಸ ಶತಮಾನ ಶುರುವಾಗಿ ಎರಡೋ ಮೂರೋ ವರ್ಷವಾಗಿದ್ದಿರಬೇಕು, ಮಲ್ಲೇಶ್ವರದ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ನಿಶ್ಚಿತಾರ್ಥದ ದಿನ ಎಲೆಯಡಿಕೆ ಮೆಲ್ಲುತ್ತಾ ಬೀಗಿತ್ತಿ ಅಕ್ಕನಿಗೆ, "ನಿಮ್ಮ ತಾಯಿ ಹಾಕ್ತಿದ್ದ ಹಸೆ ವಿಷ್ಯ ತುಂಬಾ ಕೇಳಿದೀನಿ. ನಮ್ಮ ಸೊಸೆಗೂ ಅದೇ ಹಸೆ ಇರ್ಲಿ" ಎಂದರು. ಅಕ್ಕ ಹತ್ತು ಜನರ ಮುಂದೆ, "ಅದಕ್ಕೇನಂತೆ, ನಾನೇ ಹಾಕ್ತೀನಿ" ಎಂದು ಒಪ್ಪಿಕೊಂಡಳು. ಮಾರನೆಯ ದಿನ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅಳುಮುಖ ಮಾಡಿದಳು.

"ಬಾಯಿಬಿಟ್ಟು ಒಪ್ಕೊಂಡ್ಬಿಟ್ಟೆ ಕಣೇ. ಅಮ್ಮ ಎಲ್ಲಿಂದ ಶುರು ಮಾಡ್ತಿದ್ಲು ಅನ್ನೋದೇ ಜ್ಞಾಪಕ ಇಲ್ಲ. ಅಷ್ಟು ಜನದ ಮುಂದೆ ಎಳೆ ತಪ್ಪಿದ್ರೆ?"

ಹಸೆಯೆಂದರೆ ಮದುವೆಯಲ್ಲಿ ಹೆಣ್ಣುಗಂಡನ್ನು ಕೂರಿಸುವ ಜಾಗದಲ್ಲಿ ಬರೆಯುವ ರಂಗೋಲಿ. ಅಮ್ಮನದು ಸಾಲುಸಾಲು ಚುಕ್ಕಿ ಇಟ್ಟು, ಅವನ್ನೆಲ್ಲ ಬಳಸಿಕೊಂಡು ಹೋಗುವ ಒಂದೇ ಎಳೆ. ಹೊರಟ ಚುಕ್ಕಿಗೇ ಬಂದು ಸೇರುವವರೆಗೆ ಎಳೆ ಕಡಿಯಬಾರದು. ನಮ್ಮ ತವರು ಮಾವಳ್ಳಿಯಲ್ಲಿ ಯಾರ ಮನೆ ಮದುವೆಯಾದರೂ ಅಮ್ಮನಿಗೆ ಕರೆ ಬರುತ್ತಿತ್ತು. ಅವಳು ಹಾಕುತ್ತಾಳಲ್ಲ ಎಂದು ನಾವಿಬ್ಬರೂ ಕಲಿಯಲಿಲ್ಲ. ಅವಳು ಹೋಗಿ ಆಗಲೇ ಏಳು ವರ್ಷ. ಫೋಟೋಗಳೇನೋ ಇವೆ. ಆದರೆ ಪ್ರತಿ ಫೋಟೋದಲ್ಲೂ ಹಸೆಯ ಮೇಲೆ ಮಣೆ, ತಟ್ಟೆ, ಪುರೋಹಿತರ ಕಾಲು.

ಪೂರ್ತಿ ಹಸೆ ಇದ್ದದ್ದು ಒಂದೇ ಕಡೆ, ನನ್ನ ಮದುವೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ. ಅವತ್ತು ವಿಡಿಯೋದವರು ಬೇಗ ಬಂದು, ಬೇರೇನೂ ಸಿಗದೆ, ಅಮ್ಮ ಹಸೆ ಬರೆಯುವುದನ್ನು ಮೊದಲಿನಿಂದ ಕೊನೆಯವರೆಗೆ ತೆಗೆದಿದ್ದರು.

ಬೀರುವಿನಿಂದ ಕ್ಯಾಸೆಟ್ ತೆಗೆದರೆ ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಗಾಂಧಿ ಬಜಾರಿನ ಹತ್ತಿರ ವಿಸಿಆರ್ ರಿಪೇರಿ ಮಾಡುತ್ತಿದ್ದವರು ಅದನ್ನು ಬಿಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ಸಾವಕಾಶವಾಗಿ ಒರೆಸಿ, ಒಂದು ಮಾತು ಹೇಳಿ ಕಳಿಸಿದರು. "ಒಂದ್ಸಲ ಓಡತ್ತೆ, ಹೆಚ್ಚಂದ್ರೆ ಎರಡ್ಸಲ. ನಡುವೆ ನಿಲ್ಲಿಸಿ ನೋಡೋಕ್ ಹೋಗ್ಬೇಡಿ. ನಿಂತ ಕಡೆ ಟೇಪು ಸವೆದು ಹರಿದುಹೋಗತ್ತೆ."

ನಿಲ್ಲಿಸಿ ನಿಲ್ಲಿಸಿ ನೋಡದಿದ್ದರೆ ಎಳೆ ಕಲಿಯುವುದು ಹೇಗೆ? ಒಂದೇ ಸಲ ಓಡಿಸಬೇಕು, ಆ ಒಂದು ಸಲಕ್ಕೇ ಅದು ಕಂಪ್ಯೂಟರಿನೊಳಗೆ ಇಳಿಯಬೇಕು. ಆಮೇಲೆ ಸಾವಿರ ಸಲ ನಿಲ್ಲಿಸಿದರೂ ಸವೆಯುವಂಥದ್ದೇನಿಲ್ಲ. ಅದಕ್ಕೆ ವಿಡಿಯೋ ಕ್ಯಾಪ್ಚರ್ ಕಾರ್ಡು ಬೇಕೆಂದು ಪ್ರೆಸ್ಸಿನವರಿಂದ ತಿಳಿದುಕೊಂಡೆ.

ಶನಿವಾರ ನಾನೂ ಯಜಮಾನರೂ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೊರಟೆವು. ನಾನು ವಿಸಿಆರನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತೆ. ಜೊತೆಗೆ ನಮ್ಮ ಮೈದುನನ ಗೃಹಪ್ರವೇಶದ ಕ್ಯಾಸೆಟ್ಟು. ಅದಕ್ಕೆ ಏನಾದರೂ ಯಾರೂ ಅಳುವವರಿರಲಿಲ್ಲ.

"ಕಾರ್ಡು ತರೋಕೆ ಇದ್ಯಾಕೆ ಹೊತ್ಕೊಂಡ್ ಬರ್ಬೇಕೇ? ನೋಡ್ದೋರು ಕದ್ದ ಮಾಲು ಅಂದ್ಕೋತಾರೆ" ಎಂದರು ಯಜಮಾನರು.

"ರವಿಕೆ ಕಣ ತರೋಕೆ ಹೋದಾಗ ಸೀರೆ ಜೊತೇಲಿ ತಗೊಂಡ್ ಹೋಗಲ್ವೇನ್ರೀ? ಇದೂ ಹಂಗೇ."

ಮೊದಲ ಎರಡು ಅಂಗಡಿಯವರು ವಿಸಿಆರ್ ನೋಡಿಯೇ ಆಗದೆಂದು ಕೈಯಲ್ಲಾಡಿಸಿದರು. ಮೂರನೆಯವರು ನಗುತ್ತಾ ಸ್ಟೂಲು ಕೊಟ್ಟರು. "ಬನ್ನಿ ಮೇಡಂ. ಇಷ್ಟು ವರ್ಷದಲ್ಲಿ ವಿಸಿಆರ್ ಹೊತ್ಕೊಂಡ್ ಬಂದ ಗಿರಾಕಿ ನೀವೇ ಮೊದಲು" ಎನ್ನುತ್ತಾ ಮೂರು ಕಾರ್ಡು ತೆಗೆದಿಟ್ಟರು. ಒಂದು ಟಿವಿ ಕಾರ್ಡು, ಎಲ್ಲಕ್ಕಿಂತ ಸಸ್ತಾ, ರಿಮೋಟು ಬೇರೆ. ಇನ್ನೊಂದು ಸ್ಟುಡಿಯೋದವರು ಕೊಳ್ಳುವಂಥದ್ದು, ಅದರ ಬೆಲೆ ಕೇಳಿ ಯಜಮಾನರು ಬಾಗಿಲ ಕಡೆ ನೋಡಿದರು. ಮೂರನೆಯದಕ್ಕೆ ಡಬ್ಬವಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿತ್ತು. ರಿಮೋಟೂ ಇಲ್ಲ, ಟಿವಿಯೂ ಬರುವುದಿಲ್ಲ.

"ಟಿವಿ ಕಾರ್ಡು ತಗೊಳ್ಳಿ ಮೇಡಂ, ಸೀರಿಯಲ್ಲೂ ನೋಡ್ಬಹುದು."

"ಸೀರಿಯಲ್ ನೋಡೋಕೆ ಟಿವಿ ಇದೆ. ಮೊದ್ಲು ಚಿತ್ರ ತೋರ್ಸಿ."

ಗೃಹಪ್ರವೇಶದ ಕ್ಯಾಸೆಟ್ಟಿನಲ್ಲಿ ನಮ್ಮ ಓರಗಿತ್ತಿ ಹಾಲುಕ್ಕಿಸುತ್ತಾ ಕೂತಿರುತ್ತಾಳೆ. ಅವಳ ರೇಷ್ಮೆ ಸೀರೆಗೆ ಗೋಪುರದ ಅಂಚು. ಆ ಗೋಪುರಗಳು ಬಿಡಿಬಿಡಿಯಾಗಿ ಕಂಡರೆ ಅಮ್ಮನ ಎಳೆಯೂ ಕಾಣುತ್ತದೆಂಬುದು ನನ್ನ ಲೆಕ್ಕ. ಟಿವಿ ಕಾರ್ಡು ಸಣ್ಣ ಕಿಟಕಿಯಷ್ಟು ಚಿತ್ರ ಹಿಡಿಯಿತು, ನೋಡಲು ಲಕ್ಷಣವಾಗಿಯೇ ಇತ್ತು. ಪರದೆ ತುಂಬ ಹಿಗ್ಗಿಸಿದ ತಕ್ಷಣ ಗೋಪುರಗಳೆಲ್ಲ ಕಲಸಿ ಅಂಚು ಬರೀ ಹಳದಿ ಪಟ್ಟಿಯಾಯಿತು. ಡಬ್ಬವಿಲ್ಲದ್ದು ಚಿತ್ರವನ್ನು ಪೂರ್ತಿ ಅಳತೆಯಲ್ಲೇ ಹಿಡಿಯಿತು. ನಾನು ಸ್ಟೂಲು ಹತ್ತಿರ ಎಳೆದುಕೊಂಡು ಗೋಪುರ ಎಣಿಸಿದೆ. ಮೊಣಕಾಲಿನಿಂದ ನೆಲದವರೆಗೆ ಹದಿನಾಲ್ಕು. ಸ್ಟುಡಿಯೋದ ಕಾರ್ಡಿನಲ್ಲೂ ಎಣಿಸಿದೆ. ಅಲ್ಲೂ ಹದಿನಾಲ್ಕೇ.

"ಇದೇ ಕೊಡಿ. ಡಬ್ಬ ಇಲ್ಲ ಅಂದ್ಮೇಲೆ ಇನ್ನೂ ಸ್ವಲ್ಪ ಇಳಿಸ್ಬೇಕು."

"ಮೇಡಂ, ಸೀರೆ ಅಂಗಡಿಯಲ್ಲಿ ಹೀಗೆ ಮಾಡಿದ್ರೆ ಅವರು ಅಂಗಡಿ ಮುಚ್ತಾರೆ" ಎಂದರಾದರೂ ಇಳಿಸಿದರು.

ಇಷ್ಟೆಲ್ಲ ಜಾಣತನ ತೋರಿಸಿದವಳು ಮನೆಗೆ ಬಂದು ಮಾಡಿದ್ದನ್ನೂ ಹೇಳಬೇಕು. ನಮ್ಮಲ್ಲಿ ಮಿಕ್ಸಿಯಾಗಲಿ ಇಸ್ತ್ರಿಪೆಟ್ಟಿಗೆಯಾಗಲಿ, ಹೊಸದು ಬಂದರೆ ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚದೆ ಬಳಸುವುದಿಲ್ಲ. ಕಾರ್ಡಿನ ತುಂಬ ಮುಳ್ಳುಮುಳ್ಳು, ಬೊಟ್ಟಿಡಲು ಜಾಗವಿಲ್ಲ. ಕೆಳಗಿನ ಅಂಚಿನಲ್ಲಿ ಮಾತ್ರ ಚಿನ್ನದ ಬಣ್ಣದ ಪುಟ್ಟ ಪಟ್ಟಿಗಳ ಸಾಲು, ಒಳ್ಳೇ ಸರದ ಹಾಗೆ. ಅಲ್ಲಿಯೇ ಅರಿಶಿನ ಕಲಸಿ ಹಚ್ಚಿ, ಮೇಲೆ ಕುಂಕುಮವಿಟ್ಟು, ಎರಡು ಅಕ್ಷತೆ ಹಾಕಿ ಕೈಮುಗಿದೆ. ಯಜಮಾನರು ಅದನ್ನು ಹಾಗೇ ಕಂಪ್ಯೂಟರಿಗೆ ಸಿಕ್ಕಿಸಿದರು. ಕಂಪ್ಯೂಟರಿಗೆ ಕಾರ್ಡು ಬಂದದ್ದೇ ಗೊತ್ತಾಗಲಿಲ್ಲ. ಎರಡು ಸಲ ತೆಗೆದು ಹಾಕಿದರೂ ಅಷ್ಟೇ. ಮದುವೆಗೆ ಉಳಿದದ್ದು ಹದಿನೈದು ದಿನ.

ಅಂಗಡಿಗೆ ಫೋನು ಮಾಡಿದೆ.

"ಇಲ್ಲಿ ನಡೀತಿತ್ತಲ್ಲ ಮೇಡಂ, ನೀವೇ ಗೋಪುರ ಎಣಿಸಿದ್ರಿ. ಬೀಳಿಸಿದ್ರಾ?"

"ಇಲ್ಲಪ್ಪ. ಪೂಜೆ ಮಾಡಿ ನೇರ ಹಾಕಿದ್ದು."

"ಕುಂಕುಮ ಎಲ್ಲಿ ಇಟ್ರಿ?"

"ಆ ಚಿನ್ನದ ಬಣ್ಣದ ಕಡೆ..."

"ಅಯ್ಯೋ ಅಮ್ಮಾ! ಕರೆಂಟು ಬರೋ ಬಾಗ್ಲು ಅದೇ! ಪೆನ್ಸಿಲ್ ಅಳಿಸೋ ರಬ್ಬರ್ ತಗೊಂಡು ಮೆಲ್ಲಗೆ ಉಜ್ಜಿ. ಆಯುಧಪೂಜೆ ಆದ್ಮೇಲೆ ವಾರಪೂರ್ತಿ ನಮಗೆ ಇದೇ ಕೆಲಸ."

ಊಟದ ಮೇಜಿನ ಮೇಲೆ ಪೇಪರು ಹಾಸಿ ಕೂತು ಉಜ್ಜಿದೆ. ರಬ್ಬರೆಲ್ಲ ಕೆಂಪಾಯಿತು. ಕೊನೆಗೆ ಒಣಬಟ್ಟೆಯಲ್ಲಿ ಒರೆಸಿ ಕೊಟ್ಟೆ. ಈ ಸಲ ಹಾಕಿದ ಕೂಡಲೇ ಹೊಸದೊಂದು ಕಾರ್ಡು ಬಂದಿದೆ ಎಂದು ಪರದೆಯೇ ಹೇಳಿತು. "ಇನ್ನೊಂದ್ ಸಲ ಆರತಿ ಎತ್ಲೇನೇ?" ಎಂದು ಯಜಮಾನರು ಹಂಗಿಸಿದರು, ನಾನು ಕೇಳಿಸಿಕೊಳ್ಳದವಳಂತೆ ಕಾಫಿಗಿಡಲು ಹೋದೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಮ್ಮನ ಕ್ಯಾಸೆಟ್ ಹಾಕಿದೆವು. ಅಕ್ಕ ಮಲ್ಲೇಶ್ವರದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಟೇಪು ಕಿರುಗುಟ್ಟುತ್ತಾ ಓಡಿತು. ಅಲ್ಲಲ್ಲಿ ಬಿಳಿಗೆರೆ ಹಾದುಹೋದವು. ಅಮ್ಮ ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ಚುಕ್ಕಿ ಇಡತೊಡಗಿದಳು. ಅಕ್ಕ ನನ್ನ ಮೊಣಕೈ ಹಿಡಿದವಳು ಬಿಡಲೇ ಇಲ್ಲ. ಎಳೆ ಶುರುವಾದದ್ದು ನಡುವಿನ ಚುಕ್ಕಿಯಿಂದಲ್ಲ, ಬಾಗಿಲ ಕಡೆಯ ಮೂಲೆಯಿಂದ. ಸರಸರನೆ ಹೋಗಿ, ನಾವು ಉಸಿರು ಬಿಡುವಷ್ಟರಲ್ಲಿ ಬಂದು ಕೂಡಿಕೊಂಡಿತು. ಆಮೇಲೆ ನಾನು ಮಣೆಯ ಮೇಲೆ ಕೂರುವ ಹೊತ್ತಿಗೆ ಚಿತ್ರ ಮುದುಡಿ ಟೇಪು ನಿಂತೇಹೋಯಿತು. ನನ್ನ ಮದುವೆ ಅಲ್ಲಿಗೆ ಮುಗಿಯಿತು. ಹಸೆ ಮಾತ್ರ ಪೂರ್ತಿ ಇಳಿದಿತ್ತು.

ಊಟ ಮುಗಿಸಿ ಅಕ್ಕ ಕೆಂಪು ನೆಲದ ಮೇಲೆ ಚಾಕ್‌ಪೀಸು ಹಿಡಿದು ಕೂತಳು. ನಾನು ಒಂದೊಂದೇ ಚಿತ್ರ ಮುಂದೆ ತಳ್ಳುತ್ತಾ, "ಈಗ ಎಡಕ್ಕೆ, ಈಗ ಎರಡು ಚುಕ್ಕಿ ಬಿಟ್ಟು" ಎಂದು ಹೇಳಿಕೊಟ್ಟೆ. ಮೂರನೇ ಸುತ್ತಿನ ಹತ್ತಿರ ಅಮ್ಮನ ಕೈ ಏನೋ ಬೇರೆ ಮಾಡಿತು. ಹಿಂದಕ್ಕೆ ತಂದು ಮತ್ತೆ ತಳ್ಳಿದೆ. ಅಮ್ಮ ಕಿರುಬೆರಳಿನಿಂದ ಅಂಗುಲದಷ್ಟು ಎಳೆಯನ್ನು ಒರೆಸಿ, ತಲೆಯೂ ಎತ್ತದೆ, ಪಕ್ಕದ ಚುಕ್ಕಿಗೆ ತಿರುಗಿಸಿದ್ದಳು. ಓಡುವಾಗ ನಮ್ಮಿಬ್ಬರಿಗೂ ಕಂಡಿರಲಿಲ್ಲ. ಅವತ್ತು ಮದುವೆಮನೆಯಲ್ಲಿ ಅವಳ ಸುತ್ತ ನಿಂತವರಿಗೂ ಕಂಡಿರಲಾರದು.

"ಒರೆಸಿದ್ಲೇನೇ?" ಎಂದಳು ಅಕ್ಕ.

"ಒರೆಸಿದ್ಲು ಕಣೇ ಅಕ್ಕ. ನೋಡು."

ಆರು ಸಲ ನೋಡಿದೆವು. ಅಕ್ಕ ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಆಮೇಲೆ ಗಟ್ಟಿಯಾಗಿಯೇ ನಕ್ಕಳು. "ಎಲಾ ಇವಳ! ಊರೆಲ್ಲ ತಪ್ಪೇ ಮಾಡಲ್ಲ ಅಂತಿದ್ರಲ್ಲೇ!"

ಮದುವೆಯ ದಿನ ಬೀಗಿತ್ತಿ ಬಗ್ಗಿ ನೋಡುತ್ತಾ ನಿಂತಿದ್ದರು. ಅಕ್ಕ ಬಾಗಿಲ ಕಡೆಯ ಮೂಲೆಯಿಂದ ಎಳೆ ಹಿಡಿದಳು. ಎರಡು ಕಡೆ ತಪ್ಪಿತು. ಎರಡು ಕಡೆಯೂ ಕಿರುಬೆರಳಿನಲ್ಲಿ ಒರೆಸಿ, ತಲೆ ಎತ್ತದೆ, ಮುಂದಕ್ಕೆ ಎಳೆದಳು.