ಟೈಲರಕ್ಕನ ಚೀಲದಲ್ಲಿ ಜೀವಂತ ಹಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಬಾಗಿಲು ತಟ್ಟುವ ಮೊದಲು ಟೈಲರಕ್ಕ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆ. ಹೆಗಲ ಚೀಲದ ಮೇಲ್ಭಾಗದಲ್ಲಿ ಬಣ್ಣಬಣ್ಣದ ಬಟ್ಟೆ ತುಂಡುಗಳು, ಅಡಿಯಲ್ಲಿ ಐಸ್ ತುಂಬಿದ ಪುಟ್ಟ ಡಬ್ಬಿ. ಅದರೊಳಗೆ ಹೋಗಬೇಕಾದದ್ದು ಎದೆಹಾಲು.

ಅವರ ನಿಜವಾದ ಕೆಲಸ ಆಸ್ಪತ್ರೆಯ ಪ್ರಯೋಗಾಲಯದ್ದು. ಎಚ್‌ಐವಿ ಇರುವ ಬಾಣಂತಿಯರ ಮನೆಗೆ ಹೋಗಿ ಹಾಲು, ರಕ್ತ ತರಬೇಕು. ಎರಡರಲ್ಲೂ ಕಾಂಡಕೋಶಗಳಿರುತ್ತವೆ, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳು. ಸೋಂಕಿರುವ ತಾಯಂದಿರಲ್ಲಿ ಅವು ಹೇಗಿವೆ ಎಂಬುದೇ ಅಲ್ಲಿನವರ ಹುಡುಕಾಟ. ಹಾಗಾಗಿ ಕೋಶಗಳು ಜೀವಂತವಾಗಿ ತಲುಪಬೇಕು.

"ಹಾಲಿಗೆ ತಂಪು ಬೇಕು, ರಕ್ತಕ್ಕೆ ತಂಪು ಆಗಲ್ಲ," ಎನ್ನುತ್ತಾರೆ ಟೈಲರಕ್ಕ. " ಹೊಸದರಲ್ಲಿ ಎರಡನ್ನೂ ಐಸಲ್ಲೇ ತುರುಕಿದ್ದೆ. ರಕ್ತ ಕೆಲಸಕ್ಕೆ ಬಾರದೆ ಹೋಯ್ತು. ಆ ತಾಯಿ ಮುಂದೆ ಮತ್ತೆ ಸೂಜಿ ಹಿಡ್ಕೊಂಡು ನಿಂತಾಗ ನಾಚಿಕೆಯಿಂದ ಸಾಯೋ ಹಾಗಾಗಿತ್ತು." ಈಗ ರಕ್ತದ ಕೊಳವೆ ಬಟ್ಟೆ ಸುತ್ತಿಕೊಂಡು ಪಕ್ಕದ ಜೇಬಿನಲ್ಲಿ ಬೆಚ್ಚಗೆ ಕೂರುತ್ತದೆ.

ಟೈಲರ್ ವೇಷ ಯಾಕೆ? ಆಸ್ಪತ್ರೆಯವರು ಪದೇಪದೇ ಬಂದರೆ ನೆರೆಹೊರೆಯ ಕಿವಿಗಳು ನೆಟ್ಟಗಾಗುತ್ತವೆ. ಅಳತೆ ತೆಗೆಯಲು ಬಾಗಿಲು ಹಾಕಿಕೊಂಡರೆ ಯಾರೂ ಕೇಳುವುದಿಲ್ಲ. ಒಂದೇ ಪೇಚಾಟ: ಅಕ್ಕಪಕ್ಕದವರೂ ಬಟ್ಟೆ ಕೊಡತೊಡಗಿದರು! ಗುಂಡಿ ಹಾಕಲೂ ಬಾರದಿದ್ದ ಟೈಲರಕ್ಕ ಅತ್ತೆಯ ದುಂಬಾಲು ಬಿದ್ದು ಹೊಲಿಗೆ ಕಲಿತರು. "ಮೊದಲನೇ ಫ್ರಾಕಿಗೆ ಒಂದು ತೋಳು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ನಮ್ಮತ್ತೆಗೆ ನಕ್ಕೂ ನಕ್ಕೂ ಕೆಮ್ಮು ಬಂತು."

ಇಂದು ಬಾಗಿಲು ತೆರೆದ ಬಾಣಂತಿಯ ಮುಖ ಬಾಡಿದೆ. ಅವಳು ಒಂದು ದಿನವೂ ಮಾತ್ರೆ ತಪ್ಪಿಸುವುದಿಲ್ಲ; ವೈದ್ಯರನ್ನು ಕೇಳಿಯೇ ಮಗುವಿಗೆ ಹಾಲುಣಿಸುತ್ತಿದ್ದಾಳೆ. ಅವಳ ಹೆದರಿಕೆಯೆಲ್ಲ ಪಕ್ಕದ ಮನೆಯದು. "ಇದೇ ಕೊನೆ ಅಕ್ಕ. ಅವರಿಗೆ ಗೊತ್ತಾದ್ರೆ ನಾವಿಲ್ಲಿ ಇರೋ ಹಾಗಿಲ್ಲ," ಎನ್ನುತ್ತಾ ಹಾಲಿನ ಸೀಸೆ ಕೊಡುತ್ತಾಳೆ. ಟೈಲರಕ್ಕ ಒತ್ತಾಯ ಮಾಡುವುದಿಲ್ಲ. "ನಿನ್ನಿಷ್ಟ ಕಣಮ್ಮ," ಎಂದು ತೋಳು ಸವರಿ ರಕ್ತ ತೆಗೆಯುತ್ತಾರೆ.

ಎಲ್ಲವನ್ನೂ ಚೀಲಕ್ಕಿಟ್ಟು ಬಾಗಿಲು ತೆಗೆದರೆ ಹೊಸ್ತಿಲಲ್ಲೇ ಪಕ್ಕದ ಮನೆಯಾಕೆ. "ಏನಮ್ಮಾ ಟೈಲರಮ್ಮ, ನನ್ನ ಮೊಮ್ಮಗಳ ಫ್ರಾಕು ಎಲ್ಲಿ? ಇದರಲ್ಲೇ ಇದೆಯಾ?" ಎನ್ನುತ್ತಲೇ ಚೀಲಕ್ಕೆ ಕೈ ಹಾಕುತ್ತಾರೆ. ಬಾಣಂತಿ ನಿಂತಲ್ಲೇ ಬಿಳಿಚಿಕೊಳ್ಳುತ್ತಾಳೆ.

ಟೈಲರಕ್ಕ ಕೊರಳ ಟೇಪನ್ನೆಳೆದು ಆಕೆಯ ಸೊಂಟಕ್ಕೇ ಸುತ್ತಿಬಿಡುತ್ತಾರೆ. "ಫ್ರಾಕು ನಾಳೆ ತರ್ತೀನಿ ದೊಡ್ಡಮ್ಮ. ಮೊದಲು ಇಲ್ನೋಡಿ, ಹೋದ ಸಲ ಹೊಲಿದ ಅಂಗಿ ಈಗ ಹಿಡಿಸೋ ಹಾಗೆ ಕಾಣಲ್ವಲ್ಲ!"

"ಹೋಗೇ, ನಿನ್ನ ಟೇಪೇ ಕುಗ್ಗಿದೆ!" ಚೀಲದಿಂದ ಕೈ ಹಿಂದೆಗೆದು, ಹೊಟ್ಟೆಯನ್ನು ಒಳಗೆಳೆದುಕೊಂಡು ಆಕೆ ಹೊರಟೇಬಿಡುತ್ತಾರೆ.

ಬಾಣಂತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. ಒಳಗೆ ಎಚ್ಚರಗೊಂಡ ಮಗುವನ್ನು ಎತ್ತಿ ತಂದು ಹೇಳುತ್ತಾಳೆ: "ಮುಂದಿನ ಸಲ ಇವಳ ಅಳತೆನೂ ತಗೊಳ್ಳಿ ಅಕ್ಕ."

ಮುಂದಿನ ಸಲ! ಟೈಲರಕ್ಕ ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಾರೆ.

ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ತಲೆಯೆತ್ತದೆಯೇ "ಕೋಶಗಳು ಚೆನ್ನಾಗಿ ಬದುಕಿವೆ ಅಕ್ಕ" ಎಂದಾಗ ಟೈಲರಕ್ಕನ ಮುಖ ಅರಳುತ್ತದೆ.

"ಯಾವತ್ತಾದ್ರೂ ವೇಷ ಇಲ್ಲದೆ ಆ ಬಾಗಿಲು ತಟ್ಟಬೇಕು, ಅಷ್ಟೇ ಆಸೆ," ಎನ್ನುವ ಟೈಲರಕ್ಕ ಚೀಲದ ತಳದಿಂದ ಅರ್ಧ ಹೊಲಿದ ಫ್ರಾಕು ತೆಗೆದು ಎತ್ತಿ ಹಿಡಿಯುತ್ತಾರೆ. "ಅಲ್ಲೀವರೆಗೆ ಇದಿದೆಯಲ್ಲ. ನೋಡಿ, ಈಗ ಎರಡು ತೋಳೂ ನೆಟ್ಟಗೆ ಕೂತಿವೆ."