ಆಚೆ ಬದಿ ಇಲ್ಲದ ಗಾಜು

ಕೂತಲ್ಲಿ ಕೂರುವುದು ನನ್ನ ಜಾಯಮಾನದಲ್ಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನೆಂದು ಅವ್ವ ಬೈಯುತ್ತಿದ್ದಳು. ಸಿಂಧನೂರಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟ ಮೇಲೆ ಆ ಚಕ್ರಕ್ಕೆ ಎಣ್ಣೆ ಬಿಟ್ಟಂತಾಯಿತು. ಬೆಳಿಗ್ಗೆ ಜವಳಗೇರಾ, ಮಧ್ಯಾಹ್ನ ಮಸ್ಕಿ, ಸಂಜೆ ಲಿಂಗಸುಗೂರು. ಎಲ್ಲಿ ಹೋದರೂ ಅಲ್ಲಿಂದ ಏಳುವ ಆತುರ. ಈ ಆತುರದಿಂದ ನನಗೆ ಲಾಭವೂ ಆಗಿದೆ, ಸುಳ್ಳೇಕೆ ಹೇಳಲಿ. ಆದರೆ ಕಾಕಾನ ವಿಷಯದಲ್ಲಿ ಅದು ಮಾಡಿದ ಕೆಲಸಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಾಕಾ ಅಂದರೆ ಅಪ್ಪನ ತಮ್ಮ. ಮಸ್ಕಿಯಲ್ಲಿ ಬೋರ್ಡ್ ಬರೆಯುತ್ತಿದ್ದರು. ಗೋಡೆ, ತಗಡು, ಟ್ರ್ಯಾಕ್ಟರಿನ ಟ್ರೇಲರ್ ಎಲ್ಲದರ ಮೇಲೂ ಬರೆದವರು, ಆದರೆ ಹೆಸರಾದದ್ದು ಗಾಜಿನ ಕೆಲಸಕ್ಕೆ. ಅಂಗಡಿಯ ಗಾಜಿಗೆ ಹೊರಗಿನಿಂದ ಬರೆದರೆ ಧೂಳು, ಮಳೆ, ಜನರ ಕೈ ತಾಗಿ ವರ್ಷದೊಳಗೆ ಅಳಿಸಿಹೋಗುತ್ತದೆ. ಅದಕ್ಕೇ ಒಳಗೆ ಕೂತು, ಹೊರಗಿನವರಿಗೆ ನೇರ ಕಾಣುವಂತೆ ಉಲ್ಟಾ ಬರೆಯಬೇಕು. ಬಣ್ಣದ ಕ್ರಮವೂ ಉಲ್ಟಾ. ಅಕ್ಷರದ ಮೈಮೇಲಿನ ಹೊಳಪಿನ ಬಿಳಿ ಗೆರೆ ಮೊದಲು, ಅದರ ಮೇಲೆ ಅಕ್ಷರದ ಕೆಂಪು, ಅದೂ ಒಣಗಿದ ಮೇಲೆ ಇಡೀ ಗಾಜಿಗೆ ಹಳದಿ. ಬರೆದವರಿಗೆ ಕೊನೆಗೆ ಬರೀ ಹಳದಿ ಕಾಣುತ್ತದೆ; ಎದ್ದು ಆಚೆ ಬದಿಗೆ ಹೋಗಿ ನೋಡಿದಾಗಲೇ ಬರಹ. ಕಾಲೇಜಿನ ರಜೆಯಲ್ಲೊಮ್ಮೆ ಲಿಂಗಸುಗೂರಿನ ದವಾಖಾನೆಯೊಂದರ ಬಾಗಿಲ ಹೊರಗೆ ನನ್ನನ್ನು ನಿಲ್ಲಿಸಿದ್ದರು. ಅಕ್ಷರ ವಾಲಿದರೆ ಕೂಗಿ ಹೇಳುವುದು ನನ್ನ ಕೆಲಸ. ಅರ್ಧ ಗಂಟೆಗೆ ಬೇಸತ್ತು ಚಹಾದಂಗಡಿಗೆ ಹೋಗಿಬಿಟ್ಟೆ. ಆ ಬಾಗಿಲಿನ ಕೊನೆಯ ಅಕ್ಷರ ಈಗಲೂ ವಾಲಿಕೊಂಡೇ ಇದೆ.

ಆಮೇಲೆ ಫ್ಲೆಕ್ಸ್ ಬಂತು. ತಂದವರಲ್ಲಿ ನಾನೂ ಒಬ್ಬ. ಕಾಕಾನ ಕೆಲಸ ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇಹೋಯಿತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಮಸ್ಕಿ ದಾಟುವಾಗ ಅವರ ಮನೆಯ ಕಟ್ಟೆಯ ಕಡೆ ಕಣ್ಣು ಹಾಯಿಸದೆ ಬೈಕ್ ಓಡಿಸುತ್ತಿದ್ದೆ. ಹೇಗಾದರೂ ಅವರು ಮತ್ತೆ ಬರೆಯುವಂತಾಗಬೇಕು ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಅಷ್ಟರಲ್ಲಿ ಹೈದರಾಬಾದಿನಲ್ಲಿ ಹಳೆಯ ಟ್ಯಾಬ್ಲೆಟ್ ಕಂಪ್ಯೂಟರೊಂದು ಕಣ್ಣಿಗೆ ಬಿತ್ತು. ಈಗಿನವುಗಳ ಹಾಗೆ ಬೆರಳಿಗೆ ಓಗೊಡುವ ತೆಳ್ಳಗಿನ ಸಾಮಾನಲ್ಲ ಅದು. ಮೇಜಿನ ಕಂಪ್ಯೂಟರನ್ನೇ ಒಂದು ಹಲಗೆಯೊಳಗೆ ತುರುಕಿದ್ದರು. ಮೂಲೆಯಲ್ಲಿ ಅದೇ ಸ್ಟಾರ್ಟ್ ಬಟನ್ನು, ಅದೇ ಇರುವೆಯಂಥ ಮೆನುಗಳು. ಶುರುವಾಗಲು ಐದು ನಿಮಿಷ, ಒಳಗೆ ಗುಂಯ್ ಎನ್ನುವ ಫ್ಯಾನು, ತೊಡೆಯ ಮೇಲಿಟ್ಟರೆ ರೊಟ್ಟಿ ಹಂಚಿನ ಬಿಸಿ. ಬ್ಯಾಟರಿ ಒಂದು ಗಂಟೆಗೆ ಕೈಯೆತ್ತುತ್ತಿತ್ತು. ಬೆರಳಿನಿಂದ ಎಷ್ಟು ತಿವಿದರೂ ಅದಕ್ಕೆ ಗೊತ್ತಾಗದು, ಅದರದೇ ಪೆನ್ನು ಬೇಕು. ಆ ಪೆನ್ನು ನೋಡಿಯೇ ಕೊಂಡೆ. ಕಾಕಾ ಇದರ ಮೇಲೆ ಬರೆದರೆ ಅವರ ಕೈಯ ಅಕ್ಷರ ಹಾಗೇ ನನ್ನ ಫ್ಲೆಕ್ಸಿಗೆ ಇಳಿಯುತ್ತದೆ! ಜವಳಗೇರಾದ ಅಕ್ಕಿ ಗಿರಣಿಯ ಸಾಹುಕಾರರು ಬೇರೆ ತಮ್ಮ ಹಳೆಯ ಬೋರ್ಡಿನ ಅಕ್ಷರವೇ ಬೇಕೆಂದು ಹಟ ಹಿಡಿದಿದ್ದರು. ಆ ಬೋರ್ಡು ಕಾಕಾ ಬರೆದದ್ದು. ಕಾಲ ಕೂಡಿಬಂತು ಎನಿಸಿತು.

ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿ, ಶಾಲೆಯ ಮಕ್ಕಳ ಸ್ಲೇಟಿನಂತಿದೆಯೆಂದು ಪಾಟಿ ಎಂದು ಕರೆದರು. ಬೇಡ ಎನ್ನುತ್ತಾರೇನೋ ಎಂದು ನಾನು ಕಾಯುತ್ತಿದ್ದರೆ, ಅವರು ಒಳಗೆ ಹೋಗಿ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕೂತರು. ದೊಡ್ಡ ಬೋರ್ಡು ಹಿಡಿಯುವ ದಿನ ಹಾಗೆ ಮಾಡುತ್ತಿದ್ದರು. ನನ್ನ ಕಣ್ಣು ತುಂಬಿಬಂತು. ಬಣ್ಣ ಎಲ್ಲಿದೆ, ಕುಂಚ ದಪ್ಪ ಮಾಡುವುದು ಹೇಗೆ ಎಂದು ತೋರಿಸಿದೆ. ಪೆನ್ನಿನ ತುದಿ ಒಂದು ಕಡೆ, ಗೆರೆ ಇನ್ನೊಂದು ಕಡೆ ಬೀಳುತ್ತದೆ ಎಂದು ಗೊಣಗಿದರೂ ಹತ್ತು ನಿಮಿಷದಲ್ಲಿ ಅಂದಾಜು ಹಿಡಿದರು. ಅಷ್ಟು ಹೊತ್ತಿಗೆ ನನಗೆ ಕೂತಲ್ಲಿ ಮುಳ್ಳು ಚುಚ್ಚತೊಡಗಿತ್ತು. ಸಂತೆಕಲ್ಲೂರಿಗೆ ಒಂದು ಬ್ಯಾನರ್ ಮುಟ್ಟಿಸುವುದಿತ್ತು. ಮರುದಿನ ಕೊಟ್ಟರೂ ನಡೆಯುತ್ತಿತ್ತು, ಆದರೂ ಎದ್ದೆ. ಹೇಗೆ ಬರೆಯಲಿ ಎಂದು ಅವರು ಕೇಳಿದ್ದಕ್ಕೆ ಬೈಕಿನ ಕೀಲಿ ತಿರುವುತ್ತಲೇ ಉತ್ತರ ಕೊಟ್ಟೆ.

“ಗ್ಲಾಸಿನ ಮ್ಯಾಲ ಹೆಂಗ ಬರೀತಿದ್ರಿ, ಹಂಗ ಬರೀರಿ ಕಾಕಾ.”

ನಾನು ಮರಳಿ ಬಂದಾಗ ಕಾಕಾ ಬಾಗಿಲ ಬೆಳಕಿಗೆ ನಿಂತು ಟ್ಯಾಬ್ಲೆಟ್ಟನ್ನು ತಿರುವಿ ಹಿಡಿದಿದ್ದರು. ಚಾರ್ಜರಿನ ವೈರು ಕಾಲಿಗೆ ಸುತ್ತಿಕೊಂಡಿತ್ತು. ಅದರ ಬೆನ್ನಿನ ಕಪ್ಪು ಪ್ಲಾಸ್ಟಿಕ್ಕು, ಫ್ಯಾನಿನ ಜಾಲರಿ, ನಾಲ್ಕು ಸ್ಕ್ರೂಗಳ ಮೇಲೆ ಬೆರಳಾಡಿಸಿ ಏನನ್ನೋ ಹುಡುಕುತ್ತಿದ್ದರು.

“ಹಿಂದ ಏನೂ ಇಲ್ಲಲ್ಲೋ ತಮ್ಮಾ,” ಎಂದರು.

ಪರದೆ ನೋಡಿದೆ. ಅಂಚಿನಿಂದ ಅಂಚಿಗೆ ಬರೀ ಹಳದಿ. ನಾನು ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದ್ದರು. ಬಿಳಿ ಗೆರೆ ಮೊದಲು, ಅದರ ಮೇಲೆ ಕೆಂಪು, ಕೊನೆಗೆ ಎಲ್ಲದರ ಮೇಲೂ ಹಳದಿ ಬಳಿದು, ಬರಹ ನೋಡಲು ಆಚೆ ಬದಿ ತಿರುಗಿಸಿದ್ದರು. ತಪ್ಪು ನನ್ನದು. ಆದರೆ ನಾನು ನಕ್ಕುಬಿಟ್ಟೆ.

ನಗುತ್ತಲೇ, ಬರೆದದ್ದನ್ನು ಒಂದೊಂದಾಗಿ ಅಳಿಸುವ ಅನ್‌ಡು ಒತ್ತುತ್ತ ಹೋದೆ. ಹಳದಿ ಪಟ್ಟೆ ಪಟ್ಟೆಯಾಗಿ ಸರಿದು ಕೆಂಪು ಅಕ್ಷರಗಳು ಹೊರಬಂದವು, ಬಲದಿಂದ ಎಡಕ್ಕೆ, ಎಲ್ಲವೂ ಉಲ್ಟಾ. ಎಷ್ಟು ಚಂದದ ಅಕ್ಷರಗಳು! ಕೆಂಪಿನ ಕೆಳಗೆ ಹುಗಿದುಹೋದ ಬಿಳಿ ಗೆರೆಗಳು ಮಾತ್ರ ಸಿಗಲಿಲ್ಲ. ಪರವಾಗಿಲ್ಲ ಎಂದುಕೊಂಡು ಮೆನುವಿನಲ್ಲಿ ಪೆನ್ನಿನಿಂದ ಒಂದು ಸಲ ಕುಟ್ಟಿದೆ. ಇಡೀ ಬರಹ ಮಗ್ಗುಲು ಬದಲಿಸಿ ನೇರವಾಯಿತು. ನೋಡಿ, ಇಷ್ಟೇ, ಎಂದು ಅವರ ಮುಖದ ಮುಂದೆ ಹಿಡಿದೆ. ಬುದ್ಧಿಗೇಡಿ ನಾನು.

ಕಾಕಾ ಬಹಳ ಹೊತ್ತು ನೋಡಿದರು.

“ಹಿಂಗ ತಿರುವಿ ಬರಿಯೋದು ಕಲಿಯಾಕ ನನಗ ಎಂಟು ವರ್ಷ ಹಿಡೀತು,” ಎಂದರು. ಆಮೇಲೆ ಪೆನ್ನನ್ನು ಅದರ ತೂತಿನೊಳಗೆ ಸೇರಿಸಿ ಒಳಗೆ ಹೋದರು.

ಗಿರಣಿಯ ಬೋರ್ಡು ಏರಿತು. ಸಾಹುಕಾರರು ಮೆಚ್ಚಿದರು. ಕಾಕಾ ನೋಡಲು ಬರಲಿಲ್ಲ. ಕುಂಚಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಗೋಡೆಯ ಹಲಗೆಯ ಮೇಲೆ ಎತ್ತಿಟ್ಟರೆಂದು ಕಾಕಾನ ಹೆಂಡತಿ ಚಿಗವ್ವ ಹೇಳಿದಳು. ಆ ವರ್ಷ ನಾನು ಓಡಾಡಿದಷ್ಟು ಯಾವತ್ತೂ ಓಡಾಡಿಲ್ಲ. ಅಂಗಡಿಯಲ್ಲಿ ಕೂತರೆ ಆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಆಡುತ್ತಿದ್ದ ಅವರ ಬೆರಳು ಕಣ್ಣೆದುರು ಬರುತ್ತಿತ್ತು. ಮುಂದೆ ಟ್ಯಾಬ್ಲೆಟ್ಟಿನ ಬ್ಯಾಟರಿ ಉಬ್ಬಿ ಬೆನ್ನು ಬಿರಿಯಿತು. ಅದು ಈಗಲೂ ನನ್ನ ಕಪಾಟಿನಲ್ಲಿದೆ, ಎಸೆಯಲು ಮನಸ್ಸಾಗಿಲ್ಲ.

ಹೋದ ವರ್ಷ ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿದೆ. ನೂರು ಬಗೆಯ ಸ್ಟಿಕ್ಕರ್ ಮಾಡುವ ಯಂತ್ರ ನನ್ನಲ್ಲೇ ಇದ್ದರೂ ಬಾಗಿಲನ್ನು ಖಾಲಿ ಬಿಟ್ಟು, ಮಸ್ಕಿಯ ಬಸ್ ಹತ್ತಿದೆ. ಕಾಕಾ ಪಾಟಿ ಏನಾಯಿತು ಎಂದು ಕೇಳಿದರು. ಕೆಟ್ಟಿದೆ ಎಂದೆ. ಅದು ಚೆನ್ನಾಗಿದ್ದರೂ ನಿಮ್ಮ ಬಳಿಗೇ ಬರುತ್ತಿದ್ದೆ ಎನ್ನಬೇಕಿತ್ತು; ಬಾಗಿಲಿಗೆ ಬರೆದುಕೊಡಿ ಎಂದಷ್ಟೇ ಕೇಳಿದೆ. ಅವರು ಹಲಗೆಯ ಮೇಲಿನ ಕುಂಚಗಳ ಗಂಟಿನ ಕಡೆ ನೋಡಿದರು.

“ಬರ್ತೀನಿ. ಆದ್ರ ಮುಗಿಯೋತನಕ ನೀ ಹೊರಗ ನಿಂದರಬೇಕು.”

ನಿಂತೆ. ಬೆಳಗಿನಿಂದ ನಿಂತೆ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಗಿರಾಕಿಗಳು ಬಂದು ಬೈದು ಹೋದರು, ಕಾಲು ಕಿತ್ತು ಓಡೋಣ ಎನ್ನುತ್ತಿದ್ದವು. ಗಾಜಿನ ಆಚೆ ಕಾಕಾನ ಕೈ ನಿಧಾನವಾಗಿ ಬಿಳಿ ಗೆರೆ ಎಳೆಯುತ್ತಿತ್ತು. ಆಮೇಲೆ ಕೆಂಪು ತುಂಬುತ್ತ ಕೊನೆಯ ಅಕ್ಷರಕ್ಕೆ ಬಂದಾಗ, ಅರೆತೆರೆದ ಬಾಗಿಲ ಸಂದಿಯಿಂದ, ನೆಟ್ಟಗಿದೆಯೇ ಎಂದು ಕೇಳಿದರು.

“ಕಡೀ ಅಕ್ಷರ ವಾಲೈತ್ರಿ ಕಾಕಾ,” ಎಂದೆ.

ಅವರು ಹಸಿ ಬಣ್ಣವನ್ನು ಬಟ್ಟೆಯಿಂದ ಒರೆಸಿದರು. ಒರೆಸಿದ ಜಾಗದಿಂದ ಅವರ ಮುಖ ಕಂಡಿತು. ನಗುತ್ತಿದ್ದರು.

“ಗೊತ್ತೈತಿ. ನೀ ಅದೀಯೋ ಇಲ್ಲೋ ನೋಡಿದೆ.”