ಮಣೆಯ ಮೇಲೆ ಯಾವ ಕಾಲು

‘ನಿನ್ನ ಸ್ಟೈಲ್ ಏನಕ್ಕಾ?’ ಎಂದು ನೀರಾಟದ ಹಲಗೆ ಆರಿಸುವಾಗ ನನ್ನ ತಮ್ಮ ಕೇಳಿದ. ನಲವತ್ತಾರು ವರ್ಷಗಳಲ್ಲಿ ಯಾರೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ಅರಸೀಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳಿಗೆ ಎಂಥ ಸ್ಟೈಲು? ‘ಬೀಳೋದೇ ನನ್ನ ಸ್ಟೈಲು ಕಣೋ, ಮುಂದಕ್ಕೆ ಹೇಳು’ ಎಂದೆ.

ತಮ್ಮ ಇರುವುದು ಬೇಲೂರಿನಲ್ಲಿ. ದೇವಸ್ಥಾನ ನೋಡಿ ಕಾಲು ಸೋತ ಪ್ರವಾಸಿಗರನ್ನು ಯಗಚಿ ಹಿನ್ನೀರಿನಲ್ಲಿ ದೋಣಿಯ ಮೇಲೆ ಸುತ್ತಾಡಿಸುವುದು ಅವನ ಕೆಲಸ. ಹೋದ ವರ್ಷ ಒಂದು ಹೊಸ ದೋಣಿ ತಂದ. ನೀರು ತಳ್ಳುವ ಅದರ ಫ್ಯಾನು ಹಿಂದಕ್ಕೆ ಚಾಚಿಕೊಂಡಿರದೆ ಹೊಟ್ಟೆಯಡಿ ಅಡಗಿರುತ್ತದೆ. ಒಂದು ಪಕ್ಕಕ್ಕೆ ನೀರು ತುಂಬಿದ ಚೀಲಗಳನ್ನು ಪೇರಿಸಿ ಓಡಿಸಿದರೆ ಹಿಂದೆ ಸೊಂಟದೆತ್ತರದ ಅಲೆ ಏಳುತ್ತದೆ. ಆ ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಂತು, ಹಿಡಿದ ಹಗ್ಗವನ್ನೂ ಬಿಟ್ಟು, ಬರೀ ಅಲೆಯ ಬಲದಲ್ಲೇ ಸಾಗುವ ಆಟಕ್ಕೆ ವೇಕ್‌ಸರ್ಫಿಂಗ್ ಎನ್ನುತ್ತಾರೆ. ಯಾರೋ ಪ್ರವಾಸಿ ಹೆಂಗಸು ಹಾಗೆ ಸಾಗಿದ್ದನ್ನು ನಾನು ದಡದಲ್ಲಿ ಮಂಡಕ್ಕಿ ತಿನ್ನುತ್ತ ಕೂತು ನೋಡಿದೆ. ನನಗೂ ಬೇಕು ಎನಿಸಿತು. ನಿಜ ಹೇಳುತ್ತೇನೆ, ಚಿನ್ನದ ಸರಕ್ಕೂ ನಾನು ಅಷ್ಟು ಆಸೆಪಟ್ಟವಳಲ್ಲ.

ಅಂದಿನಿಂದ ಶನಿವಾರದ ಬೆಳಗಿನ ಸ್ಕೂಲು ಮುಗಿಯುತ್ತಿದ್ದಂತೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿಬಿಡುತ್ತಿದ್ದೆ. ಹಳೇಬೀಡಿನಲ್ಲಿ ಅರ್ಧ ಬಸ್ಸು ಖಾಲಿಯಾದ ಮೇಲೆ ಕಿಟಕಿ ಪಕ್ಕದ ಸೀಟು ಹಿಡಿದು, ನಿಲ್ಲುವುದು ಹೇಗೆ, ಮೊಣಕಾಲು ಮಡಿಸುವುದು ಎಷ್ಟು ಎಂದು ಲೆಕ್ಕ ಹಾಕುತ್ತಿದ್ದೆ. ಆದರೆ ಅಲ್ಲಿದ್ದ ಹಳೆಯ ಹಲಗೆಗಳು ನಾನು ಏಳುವ ಮೊದಲೇ ಮುಳುಗುತ್ತಿದ್ದವು.

ದೋಣಿಯ ಹತ್ತಿರ ಕೆಲಸ ಮಾಡುವವರೆಲ್ಲ ಆ ಹಲಗೆಗೆ ಮಣೆ ಎನ್ನುತ್ತಿದ್ದರು. ಇದರಿಂದ ಒಂದು ಎಡವಟ್ಟಾಯಿತು. ನನ್ನ ಜೊತೆ ಅರಸೀಕೆರೆಯಲ್ಲಿರುವ ಅಮ್ಮನಿಗೆ ತಮ್ಮ ಫೋನು ಮಾಡಿ, ‘ಅಕ್ಕ ಮಣೆ ಹತ್ತಲೇಬೇಕು ಅಂತ ಹಟ ಹಿಡಿದವಳೆ’ ಎಂದುಬಿಟ್ಟ. ನನ್ನ ಮದುವೆಯ ಆಸೆಯನ್ನು ಅಮ್ಮ ಕೈಬಿಟ್ಟು ಹತ್ತು ವರ್ಷವಾಗಿತ್ತು. ಕೈಯಲ್ಲಿದ್ದ ಸೊಪ್ಪು ಹಾಗೇ ಬಿಟ್ಟು ಎದ್ದು ನಿಂತು, ‘ಯಾರಂತ್ಲಾ ಗಂಡು?’ ಎಂದಳು. ಹಸೆಮಣೆಯಲ್ಲ, ನೀರಿನ ಮೇಲಿನ ಮಣೆ ಎಂದು ತಿಳಿದಾಗ ಅವಳಿಗೆ ಬಂದ ಸಿಟ್ಟು ನೋಡಬೇಕಿತ್ತು. ‘ಅದೇನು ಮಣೆ ಅಂತ ಕಣ್ಣಾರೆ ನೋಡೇಬಿಡ್ತೀನಿ, ನಾನೂ ಬತ್ತೀನಿ’ ಎಂದು ಆ ಶನಿವಾರ ಚಿತ್ರಾನ್ನದ ಡಬ್ಬಿ ಹಿಡಿದು ನನ್ನ ಜೊತೆ ಹೊರಟಳು.

ಅದೇ ವಾರ ತಮ್ಮ ಮಂಗಳೂರಿನ ಕಡೆಯ ಗೆಳೆಯನಿಂದ ಎರಡು ಹೊಸ ಮಣೆಗಳನ್ನು, ಬೇಡವಾದರೆ ವಾಪಸ್ಸು ಕಳಿಸುವ ಮಾತಿನ ಮೇಲೆ ತರಿಸಿದ್ದ. ಒಂದು ಗಿಡ್ಡ, ತೆಳು, ಕೆಂಪು ಬಣ್ಣ, ಅಂಚಿಗೆ ಬಂಗಾರದ ಗೆರೆ. ಇನ್ನೊಂದು ಉದ್ದ, ದಪ್ಪ, ಅಗಲ, ಮಾಸಲು ಬಿಳಿ ಬಣ್ಣ. ನಾನು ಸೀರೆ ಅಂಗಡಿಯಲ್ಲಿ ಕೂತಂತೆ ಕೆಂಪನ್ನೇ ಎಳೆದುಕೊಂಡೆ.

‘ಬಣ್ಣ ನೋಡ್ಬೇಡಕ್ಕಾ. ಅದು ಗಾಳೀಲಿ ಹಾರಿ ಗಿರಕಿ ಹೊಡೆಯೋರಿಗೆ. ಹೊರಳೋದೂ ಬೇಗ, ಮುಳುಗೋದೂ ಬೇಗ. ನಿಧಾನಕ್ಕೆ ಅಲೆ ಮೇಲೆ ನಿಲ್ಲೋರಿಗೆ ದಪ್ಪಂದೇ ಸರಿ’ ಎಂದ.

‘ಅಂದ್ರೆ ನಾನು ದಪ್ಪ ಅಂತಲಾ?’ ಎಂದು ರೇಗಿ ಕೆಂಪು ಮಣೆಯನ್ನೇ ಹಿಡಿದು ನೀರಿಗಿಳಿದೆ. ಎಪ್ಪತ್ತೆಂಟು ಕೆ.ಜಿ.ಯ ನನ್ನನ್ನು ಹೊತ್ತು ಅದು ಬಟ್ಟೆ ಒಗೆಯುವ ಕಲ್ಲಿನ ಹಾಗೆ ನೀರಿನೊಳಕ್ಕೆ ಹೋಯಿತು. ಮೂರು ಸಲ ನೀರು ಕುಡಿದ ಮೇಲೆ ಬಾಯಿ ಮುಚ್ಚಿಕೊಂಡು ಬಿಳಿ ಮಣೆ ಕೇಳಿದೆ. ಅದರ ಮೇಲೆ ಹೊಟ್ಟೆ ಹಚ್ಚಿ ಮಲಗಿದರೆ ಅಲ್ಲಾಡದೆ ತೇಲಿತು. ಸ್ವಂತದ್ದು ಸಿಕ್ಕಂಥ ಖುಷಿ. ಆದರೆ ತಮ್ಮ ಒಂದು ಕರಾರು ಹಾಕಿದ. ಅವನ ಹತ್ತಿರ ಬರುವವರೆಲ್ಲ ಗಿರಕಿ ಹೊಡೆಯುವವರೇ, ಅವರಿಗೆ ಬೇಕಾದ್ದು ಕೆಂಪು ಮಣೆ. ಎರಡನ್ನೂ ಇಟ್ಟುಕೊಳ್ಳಬೇಕಾದರೆ ದಪ್ಪ ಮಣೆಗೆ ಒಬ್ಬರಾದರೂ ಸವಾರರು ಬೇಕು. ಭಾನುವಾರ ಸಂಜೆಯೊಳಗೆ ನಾನು ನಿಂತು, ಹಗ್ಗ ಬಿಟ್ಟು, ಹತ್ತು ಎಣಿಸುವಷ್ಟು ಹೊತ್ತು ಸಾಗಿದರೆ ಅದು ಬೇಲೂರಿನಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಸೋಮವಾರ ವಾಪಸ್ಸು. ನನ್ನನ್ನು ಹೊರುವ ಮಣೆ ಇನ್ನೊಂದಿಲ್ಲ. ಅದು ಹೋದರೆ ನಾನು ಮತ್ತೆ ದಡದಲ್ಲಿ ಮಂಡಕ್ಕಿ ತಿನ್ನುವವಳೇ.

‘ಸರಿ, ಯಾವ ಕಾಲು ಮುಂದೆ?’ ಎಂದ. ಈ ಆಟದಲ್ಲಿ ಅಡ್ಡಡ್ಡ ನಿಲ್ಲಬೇಕು, ಒಂದು ಕಾಲು ಮುಂದೆ, ಒಂದು ಹಿಂದೆ. ಎಡಗಾಲು ಮುಂದಿಡುವವರಿಗೆ ಚೀಲಗಳನ್ನು ದೋಣಿಯ ಎಡಕ್ಕೆ ಪೇರಿಸಬೇಕು, ಬಲಗಾಲಿನವರಿಗೆ ಬಲಕ್ಕೆ. ಯಾವ ಕಾಲಿನವರು ಎಂದು ತಿಳಿಯಲು ಹಿಂದಿನಿಂದ ಸುಮ್ಮನೆ ತಳ್ಳುತ್ತಾರೆ. ಹೇಳದೆ ಕೇಳದೆ ತಳ್ಳಿದ. ನನ್ನ ಎಡಗಾಲು ಟಕ್ಕನೆ ಮುಂದೆ ಬಂತು.

‘ಎಡ’ ಎಂದ.

‘ಏ, ಅದು ಎಡವಿದ್ದು ಕಣೋ! ಬಲ ಅಂತಿಟ್ಕೋ’ ಎಂದೆ.

ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಹೊಸ ಮಣೆಯ ಮೇಲೆ ಮೊದಲ ಸಲ ಎಡಗಾಲಿಡುವುದೇ? ನನ್ನ ಎಡಗಾಲಿಗೆ ಹುಟ್ಟಾ ಅವಸರ. ಚಿಕ್ಕಂದಿನಲ್ಲಿ ಯಾರ ಮನೆಗೆ ಹೋದರೂ ಅದೇ ಮೊದಲು ಹೊಸಿಲು ದಾಟುತ್ತಿತ್ತು. ಅಮ್ಮ ಜಡೆ ಹಿಡಿದು ಹಿಂದಕ್ಕೆಳೆದು, ಬಲಗಾಲಿಟ್ಟು ಬಾ ಎಂದು ಮತ್ತೆ ಒಳಗೆ ಬಿಡುತ್ತಿದ್ದಳು. ಆ ಭಯ ಎಷ್ಟಿತ್ತೆಂದರೆ, ಟೀಚರ್ ಕೆಲಸದ ಸಂದರ್ಶನದ ದಿನ ಎಡಗಾಲಿಟ್ಟು ಒಳಗೆ ಹೋದದ್ದು ಗೊತ್ತಾಗಿ, ನಮಸ್ಕಾರ ಹೇಳಿದವಳೇ ತಿರುಗಿ ಹೊರಗೆ ಹೋಗಿ ಬಲಗಾಲಿಟ್ಟು ಮತ್ತೆ ಬಂದೆ. ಕೂತಿದ್ದ ಮೂವರೂ ಬಾಯಿ ಬಿಟ್ಟುಕೊಂಡು ನೋಡಿದರು. ಕೆಲಸ ಸಿಕ್ಕಿತು. ಬಲಗಾಲಿನಿಂದಲೇ ಸಿಕ್ಕಿದ್ದೆಂದು ನಂಬಿಕೊಂಡಿದ್ದೆ.

ತಮ್ಮ ಚೀಲಗಳನ್ನು ಬಲಕ್ಕೆ ಪೇರಿಸಿದ. ಸಾಲದ್ದಕ್ಕೆ ಅಮ್ಮನಿಗೂ ಲೈಫ್ ಜಾಕೆಟ್ ತೊಡಿಸಿ ಬಲಗಡೆಗೇ ಕೂರಿಸಿದ. ‘ನನ್ನೂ ಮೂಟೆ ಮಾಡ್ದೇನ್ಲಾ?’ ಎಂದು ಅಮ್ಮ ಬೈದಳು. ಶನಿವಾರ ಸಂಜೆ ಆರು ಸಲ ಬಿದ್ದೆ. ಭಾನುವಾರ ಬೆಳಿಗ್ಗೆ ಒಂಬತ್ತು ಸಲ. ಹಗ್ಗ ಎಳೆಯುತ್ತಿದ್ದಂತೆ ಮಣೆ ಪಾದದಡಿಗೆ ಬರುತ್ತಿತ್ತು, ನಾನು ಎದ್ದೇಳುತ್ತಿದ್ದೆ, ಬಲಗಾಲನ್ನು ನೆನಪು ಮಾಡಿಕೊಂಡು ಮುಂದೆ ತರುವಷ್ಟರಲ್ಲಿ ದಬಕ್ಕನೆ ನೀರಿನೊಳಗೆ. ಮೂಗಿನ ತುಂಬ ಯಗಚಿ. ಮಧ್ಯಾಹ್ನವೂ ಅಷ್ಟೇ. ಮಣೆ ಕಟ್ಟಲು ತಂದಿಟ್ಟಿದ್ದ ಗೋಣಿಚೀಲ ದಡದಲ್ಲಿ ಕಾಣುತ್ತಿತ್ತು.

ಸಂಜೆ ಐದಾಯಿತು. ‘ಇನ್ನೊಂದೇ ಸಲ ಅಕ್ಕಾ, ಕತ್ತಲಾಗ್ತದೆ’ ಎಂದು ತಮ್ಮ ದೋಣಿ ಹೊರಡಿಸಿದ. ಮತ್ತೆ ಬಿದ್ದೆ. ನೀರಿನಲ್ಲಿ ಮಣೆ ತಬ್ಬಿಕೊಂಡು, ‘ಇದು ನನ್ನ ಕೈಲಾಗಲ್ಲ, ಕಟ್ಟಿ ಕಳಿಸೋ’ ಎಂದು ಅಳುಮೋರೆಯಲ್ಲಿ ಕೂಗಿದೆ.

ಆಗ ದೋಣಿಯಲ್ಲಿ ಅಮ್ಮ ಎದ್ದು ನಿಂತಳು. ‘ಎಡಗಾಲಿಡೇ!’

ನನಗೆ ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. ‘ಏನಮ್ಮಾ?’

‘ಎಡಗಾಲು ಕಣೇ! ಹುಟ್ಟಿದಾಗಿಂದ ಅದೇ ತಾನೇ ಮುಂದಕ್ಕೆ ಓಡೋದು. ನೆನ್ನೆಯಿಂದ ನೋಡ್ತಾ ಇವ್ನಿ, ಬಲಗಾಲು ಹುಡುಕ್ತಾ ಹುಡುಕ್ತಾ ಬೀಳ್ತಾ ಇದೀಯ. ನೀರಿಗೇನು ಹೊಸ್ಲು ಐತಾ?’

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಚೀಲಗಳನ್ನು ಎಡಕ್ಕೆ ಹೊತ್ತು ಹಾಕಿದ. ಅಮ್ಮ ಯಾರೂ ಹೇಳದೆಯೇ ಎಡಕ್ಕೆ ಹೋಗಿ ಕೂತಳು.

ಹಗ್ಗ ಬಿಗಿಯಾಯಿತು. ಮಣೆ ಎದ್ದಿತು. ನಾನು ಏನನ್ನೂ ಯೋಚಿಸಲಿಲ್ಲ. ಎಡಗಾಲು ತಾನಾಗಿ ಮುಂದೆ ಬಂದು ಕೂತಿತು. ಮೊಣಕಾಲು ಮಡಿಸಿ ನಿಂತೆ, ಅಯ್ಯೋ ನಿಂತುಬಿಟ್ಟೆ! ಹಗ್ಗ ಬಿಡು ಎಂದು ತಮ್ಮ ಕೈ ಬೀಸಿದ. ಬಿಟ್ಟೆ. ಅಲೆ ಅಂಗಾಲಿನಡಿ ಮೆತ್ತಗೆ ತಳ್ಳುತ್ತ ನನ್ನನ್ನು ಕರೆದೊಯ್ಯಿತು. ಅಮ್ಮ ಒಂದೆರಡುಮೂರುನಾಕು ಎಂದು ಒಂದೇ ಉಸಿರಿಗೆ ಎಣಿಸಿ ಹತ್ತು ಮುಗಿಸಿದಳು. ‘ಇದು ಮೋಸ, ನಿಧಾನಕ್ಕೆ ಎಣಿಸು’ ಎಂದು ತಮ್ಮ ಜಗಳ ತೆಗೆದ. ಅವಳು ಮತ್ತೆ ಒಂದರಿಂದ ಶುರುಮಾಡಿದಳು. ನಾನು ಇನ್ನೂ ನಿಂತೇ ಇದ್ದೆ. ಇಪ್ಪತ್ತಕ್ಕೆ ಹೋದ ಮೇಲೆ ನಗು ತಡೆಯಲಾಗದೆ ಬಿದ್ದೆ.

ಮಣೆ ಉಳಿಯಿತು. ದೋಣಿಗೆ ಹತ್ತಿಸಿಕೊಂಡು ಅಮ್ಮ ತನ್ನ ಸೆರಗಿನಿಂದ ನನ್ನ ತಲೆ ಒರೆಸತೊಡಗಿದಳು. ಗೆದ್ದ ಜೋರಿನಲ್ಲಿ ನಾನು ಕೇಳಿಯೇಬಿಟ್ಟೆ, ‘ಅಷ್ಟು ಗೊತ್ತಿದ್ದೋಳು ಚಿಕ್ಕಂದಿನಲ್ಲಿ ಯಾಕೆ ಜಡೆ ಹಿಡಿದು ಎಳೀತಿದ್ದೆ?’

ಅಮ್ಮ ನೆನೆದ ಸೆರಗು ಹಿಂಡಿದಳು.

‘ನಂದೂ ಎಡಗಾಲೇ ಕಣೆ. ಮದ್ವೆಯಾಗಿ ನಿಮ್ಮಪ್ಪನ ಮನೆಗೆ ಬಂದ ದಿನ ಅದನ್ನೇ ಇಟ್ಬಿಟ್ಟೆ. ನಮ್ಮತ್ತೆ ಎಲ್ರ ಮುಂದೆ ವಾಪಸ್ ಬೀದಿಗೆ ಕಳಿಸಿದ್ರು. ಗಾಬ್ರೀಲಿ ಎರಡನೇ ಸಲಾನೂ ಅದೇ ಕಾಲು. ಮತ್ತೆ ಬೀದಿಗೆ. ಇಡೀ ಕೇರಿ ನಗ್ತಿತ್ತು. ಹದ್ನೇಳು ವರ್ಷ ನಂಗೆ. ನಿನ್ನ ನೋಡಿ ಯಾರೂ ಹಂಗೆ ನಗಬಾರ್ದು ಅಂತ ಎಳೀತಿದ್ದೆ’ ಎಂದು, ನನ್ನ ಕಿವಿಯೊಳಗಿನ ನೀರನ್ನು ಸೆರಗಿನ ತುದಿಯಿಂದ ತೆಗೆದಳು.